ರಾತ್ರಿ ಹೊತ್ತಿನ ಆರ್ಡರ್‌ಗಳು

ಪ್ರಶ್ನೆ: ಊಟ ಮುಗಿಸಿ ಫೋನ್ ಹಿಡಿದು ಕೂತರೆ ಏನಾದರೂ ಒಂದು ಆರ್ಡರ್ ಮಾಡಿಯೇ ಮಲಗುತ್ತೇನೆ. ಕುರ್ತಿ, ಡಬ್ಬಿ, ಬಾಗಿಲಿಗೆ ಕಟ್ಟುವ ದೀಪದ ಸರ. ಅರ್ಧದಷ್ಟು ಬೇಕಾಗಿಯೇ ಇರುವುದಿಲ್ಲ. ಇಪ್ಪತ್ತನೇ ತಾರೀಕಿಗೆಲ್ಲ ಸಂಬಳ ಖಾಲಿ. ನನಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ಲವೇ?
ಒಬ್ಬ ಓದುಗರು, ದಾವಣಗೆರೆ

ಉತ್ತರ: ಹಿಡಿತದ ಮಾತು ಆಮೇಲೆ. ಮೊದಲು ದುಡ್ಡು ನಿಮ್ಮ ಕೈಬಿಟ್ಟು ಹೋಗುವ ರೀತಿ ನೋಡಿ. ಸಂತೆಯಲ್ಲಿ ಐನೂರರ ನೋಟು ಮುರಿಸಿದಾಗ ಚಿಲ್ಲರೆ ಎಣಿಸಿಕೊಳ್ಳುತ್ತಲೇ ಜೀವ ಚುರುಕ್ ಎನ್ನುತ್ತದೆ. ಫೋನಿನಲ್ಲಿ ವಿಳಾಸ, ಕಾರ್ಡು ಎಲ್ಲ ಮೊದಲೇ ಉಳಿಸಿಟ್ಟಿರುತ್ತದೆ. ಸಣ್ಣ ಮೊತ್ತವಾದರೆ ಯುಪಿಐ ಲೈಟ್‌ನಲ್ಲಿ ಪಿನ್ ಕೂಡ ಕೇಳುವುದಿಲ್ಲ. ಆ ಚುರುಕು ತಟ್ಟುವ ಮುಂಚೆಯೇ ಖರೀದಿ ಮುಗಿದಿರುತ್ತದೆ.

ಅಮೆರಿಕದ ಎಂಐಟಿಯ ಪ್ರೆಲೆಕ್ ಮತ್ತು ಸಿಮೆಸ್ಟರ್ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕು ಎಂದರು, ಉಳಿದವರಿಗೆ ಕ್ರೆಡಿಟ್ ಕಾರ್ಡ್ ಎಂದರು. ಕಾರ್ಡಿನವರು ಸರಾಸರಿ ಎರಡು ಪಟ್ಟಿಗೂ ಹೆಚ್ಚು ಬೆಲೆ ಕೊಡಲು ಮುಂದಾದರು. ಟಿಕೆಟ್ ಅದೇ, ಪಂದ್ಯವೂ ಅದೇ. ಆದ್ದರಿಂದ ದಯವಿಟ್ಟು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಅಂಗಡಿಯ ಕಡೆಯಿಂದಲೂ ಒತ್ತಾಯವಿದೆ. 'ಇನ್ನು ಎರಡೇ ಪೀಸ್ ಉಳಿದಿವೆ', 'ಆಫರ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ' ಎಂಬ ಸುಳ್ಳು ಅವಸರವೂ ಕೇಳದೆಯೇ ಕಾರ್ಟಿಗೆ ಸೇರಿಕೊಳ್ಳುವ ವಿಮೆ, ದೇಣಿಗೆಗಳೂ ನಮ್ಮಲ್ಲಿ ನಿಷಿದ್ಧ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ತಂತ್ರಗಳನ್ನು ಡಾರ್ಕ್ ಪ್ಯಾಟರ್ನ್ ಎಂದು ಪಟ್ಟಿ ಮಾಡಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಮಾತ್ರ ಕಟ್ಟುತ್ತಿದ್ದೀರಾ? ಹಾಗಿದ್ದರೆ ಉಳಿದ ಚಿಂತೆಗಳೆಲ್ಲ ಇದರ ಹಿಂದೆ ನಿಲ್ಲಲಿ. ಅನೇಕ ಕಾರ್ಡ್‌ಗಳಲ್ಲಿ ಬಡ್ಡಿ ವರ್ಷಕ್ಕೆ ಶೇ 40 ದಾಟುತ್ತದೆ. ಬಾಕಿ ಇರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ.

ಈಗ ಹಿಡಿತದ ಮಾತು. ಹನ್ನೊಂದು ಗಂಟೆ ರಾತ್ರಿಯ ದಣಿದ ಮನಸ್ಸಿಗೆ ಈ ಕೆಲಸ ಒಪ್ಪಿಸಬೇಡಿ, ಹಗಲಲ್ಲೇ ಮಾಡಿಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲೇ ಆಫ್ ಮಾಡಬಹುದು, ಮಿತಿಯನ್ನೂ ಇಡಬಹುದು. ಆಫ್ ಮಾಡಿಬಿಡಿ. ಅಂಗಡಿ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ಅಳಿಸಿ. ಯುಪಿಐಗೆ ಸಂಬಳದ ಖಾತೆ ಬೇಡ. ಬೇರೆ ಖಾತೆಯೊಂದನ್ನು ಜೋಡಿಸಿ, ತಿಂಗಳ ಕೈಖರ್ಚಿಗೆ ಎಷ್ಟು ಬೇಕೋ ಅಷ್ಟನ್ನೇ ಒಂದನೇ ತಾರೀಕು ಅದಕ್ಕೆ ಹಾಕಿ. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ಉಳಿತಾಯ ಬಚ್ಚಿಡುತ್ತಿದ್ದರು, ನೀವು ಖರ್ಚಿನ ದುಡ್ಡನ್ನೇ ಡಬ್ಬಿಗೆ ಹಾಕಿ. ಅದರಲ್ಲಿ ನಿಮ್ಮ ಖುಷಿಗೆಂದು ಒಂದಿಷ್ಟು ಇರಲೇಬೇಕು. ದುಡಿಯುವವರಿಗೆ ಒಂದು ಕುರ್ತಿ ಅಪರಾಧವಲ್ಲ.

ಮತ್ತೆ ಆಸೆಯಾದರೆ ಕಾರ್ಟಿಗೆ ಹಾಕಿ ಮಲಗಿ. ಬೆಳಗ್ಗೆ ಕಾಫಿ ಕುಡಿದು ತೆರೆದು ನೋಡಿ; ಆಗಲೂ ಬೇಕೆನಿಸಿದರೆ ಕೊಳ್ಳಿ. ಈಗಾಗಲೇ ಬಂದ ವಸ್ತುಗಳಲ್ಲಿ ಟ್ಯಾಗ್ ಕೀಳದೆ ಇರುವುದನ್ನೆಲ್ಲ ಒಂದು ಕಡೆ ಇಟ್ಟು ರಿಟರ್ನ್ ಗಡುವು ನೋಡಿ. ಇನ್ನೂ ದಿನಗಳಿದ್ದರೆ ಇವತ್ತೇ ವಾಪಸ್ ಕಳಿಸಿ.