ಚೂಪು ಮೂತಿಯ ಜುತ್ತಿ, ಬೇಸಿಗೆಯ ಪಾದ

ಅಂಗಡಿಗೆ ಹೊರಡುವ ಮೊದಲು ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಹಾಳೆಯನ್ನು ನೆಲದ ಮೇಲಿಟ್ಟು ಬರಿಗಾಲಲ್ಲಿ ಅದರ ಮೇಲೆ ನಿಲ್ಲಿ. ಮೈಭಾರ ಆ ಕಾಲಿನ ಮೇಲೆ ಬಿಟ್ಟು, ಮನೆಯವರಲ್ಲಿ ಯಾರಿಂದಾದರೂ ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ. ನೀವೇ ಬಗ್ಗಿ ಎಳೆದರೆ ಭಾರ ಸರಿದು ಅಳತೆ ತಪ್ಪುತ್ತದೆ. ಎರಡೂ ಕಾಲಿನ ಗೆರೆ ಬೇಕು, ಏಕೆಂದರೆ ಬಹಳ ಜನರಿಗೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ಇದನ್ನು ಬೆಳಗ್ಗೆ ಮಾಡಬೇಡಿ, ಸಂಜೆ ಮಾಡಿ. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸೆಕೆಗೆ ರಕ್ತನಾಳಗಳೂ ಹಿಗ್ಗುವುದರಿಂದ ಊತ ಇನ್ನಷ್ಟು ಹೆಚ್ಚು. ಗೆರೆಯ ಗುಂಟ ಹಾಳೆಯನ್ನು ಕತ್ತರಿಸಿ ಇಟ್ಟುಕೊಳ್ಳಿ.

ನಾನು ಹೇಳಹೊರಟಿರುವುದು ಜುತ್ತಿಯ ಬಗ್ಗೆ. ಪಂಜಾಬಿನಲ್ಲಿ ಜುತ್ತಿ, ರಾಜಸ್ಥಾನದಲ್ಲಿ ಮೋಜಡಿ. ಹಿಮ್ಮಡಿ ಎತ್ತರವಿಲ್ಲದ, ಮುಂದೆ ಚೂಪಾದ, ಮೇಲೆ ಜರಿಯ ಕಸೂತಿ ಇರುವ ಚರ್ಮದ ಜೋಡು ಅದು. ಏಪ್ರಿಲ್-ಮೇ ತಿಂಗಳ ಮದುವೆಗಳಿಗೆ ನಮ್ಮಲ್ಲೂ ಕುರ್ತಾ, ಚೂಡಿದಾರ್‌, ಸೀರೆಯ ಜೊತೆಗೆ ಈಗ ಇದೇ. ಮೊದಲ ಸಲ ಕೊಳ್ಳುವವರು ಬಣ್ಣ ನೋಡಿ ಆರಿಸುತ್ತಾರೆ, ಮುಹೂರ್ತದ ಹೊತ್ತಿಗೆ ಜೋಡು ಕಳಚಿ ಕೈಯಲ್ಲಿ ಹಿಡಿದಿರುತ್ತಾರೆ.

ಚೂಪು ಮೂತಿ ಎಂದರೆ ನೋವು ಎಂಬ ಭಯ ಬೇಡ. ಮೂತಿ ಎಲ್ಲಿಂದ ಚೂಪಾಗುತ್ತಾ ಹೋಗುತ್ತದೆ ಎಂಬುದನ್ನು ನೋಡಿ. ನಿಮ್ಮ ಬೆರಳುಗಳು ಮುಗಿದ ಮೇಲೆ ಚೂಪಾದರೆ ಆ ತುದಿ ಖಾಲಿ ಉಳಿಯುತ್ತದೆ, ಪಾದಕ್ಕೆ ತೊಂದರೆಯಿಲ್ಲ. ಬೆರಳುಗಳ ಬುಡದಿಂದಲೇ ಕಿರಿದಾದರೆ ಹೆಬ್ಬೆರಳು ಒಳಕ್ಕೂ ಕಿರುಬೆರಳು ಅದರ ಎದುರಿಗೂ ಒತ್ತಿಕೊಳ್ಳುತ್ತವೆ. ಈಗ ಕತ್ತರಿಸಿದ ಹಾಳೆಯನ್ನು ಜುತ್ತಿಯೊಳಗೆ ಮೆಲ್ಲಗೆ ತೂರಿಸಿ. ಅಂಚು ಮಡಚಿದರೆ ಅಲ್ಲಿ ನಿಮ್ಮ ಬೆರಳೂ ಮಡಚುತ್ತದೆ ಎಂದು ತಿಳಿಯಿರಿ. ಹಾಳೆ ಸಪಾಟಾಗಿ ಕೂತು, ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಉಳಿದರೆ ಸಾಕು. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಅಂಥವರು ಅದರಿಂದಲೇ ಅಳೆಯಬೇಕು.

ಇದು ಬರೀ ಇಂದಿನ ಕಾಳಜಿಯಲ್ಲ. ಯುರೋಪಿನಲ್ಲಿ 14ನೇ ಶತಮಾನದಲ್ಲಿ ಚೂಪು ಮೂತಿಯ ಜೋಡುಗಳ ಹುಚ್ಚು ಹಬ್ಬಿತ್ತು. ಕೇಂಬ್ರಿಡ್ಜ್‌ನಲ್ಲಿ ಅಗೆದು ತೆಗೆದ 177 ಅಸ್ಥಿಪಂಜರಗಳನ್ನು ಪರೀಕ್ಷಿಸಿದ ಸಂಶೋಧಕರು 2021ರಲ್ಲಿ ವರದಿ ಮಾಡಿದರು: 14-15ನೇ ಶತಮಾನದವರಲ್ಲಿ ಶೇ. 27 ಮಂದಿಯ ಹೆಬ್ಬೆರಳು ಒಳಕ್ಕೆ ಬಾಗಿ ಬುಡದಲ್ಲಿ ಗಂಟು ಎದ್ದಿತ್ತು, ಅದಕ್ಕೂ ಹಿಂದಿನವರಲ್ಲಿ ಇಂಥವರು ಶೇ. 6 ಮಾತ್ರ. ಮೂಳೆ ಅಷ್ಟು ಬಾಗುವವರೆಗೆ ಆ ಜನ ಎಷ್ಟು ನೋವು ಸಹಿಸಿ ನಡೆದಿರಬೇಕು!

ನಂಬರನ್ನು ಪೂರ್ತಿ ನಂಬಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ಬ್ರಿಟಿಷ್ ಅಳತೆಯಲ್ಲಿ 5ಕ್ಕೂ 6ಕ್ಕೂ ಸುಮಾರು 8.5 ಮಿಲಿಮೀಟರ್ ಅಂತರ, 37, 38 ಎಂದು ಬರೆದಿರುವ ಯುರೋಪಿನ ಅಳತೆಯಲ್ಲಿ ಸುಮಾರು 6.7. ಇವೆರಡೂ ಉದ್ದದ ಲೆಕ್ಕ. ಅಗಲದ ಬಗ್ಗೆ ನಂಬರ್ ಏನೂ ಹೇಳುವುದಿಲ್ಲ. ನಾನು ಮೊದಲ ಜುತ್ತಿ ಕೊಂಡಾಗ ಅಂಗಡಿಯವರು, ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ತಗೊಳ್ಳಿ’ ಎಂದರು. ಆ ಮಾತು ಅರ್ಧ ನಿಜ. ಚರ್ಮ ಅಗಲಕ್ಕೆ ತುಸು ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಬೆರಳು ತುದಿಗೆ ತಗುಲುವ ಜೋಡು ಕೊನೆಯವರೆಗೂ ತಗುಲುತ್ತಲೇ ಇರುತ್ತದೆ.

ಸಾಂಪ್ರದಾಯಿಕ ಜುತ್ತಿಯಲ್ಲಿ ಎಡ ಬಲ ಎಂಬ ಭೇದವಿಲ್ಲ, ಎರಡೂ ಒಂದೇ ಆಕಾರ. ಹೊಸಬರು ಇದನ್ನು ನೋಡಿ ತಯಾರಿಕೆಯ ತಪ್ಪೆಂದುಕೊಳ್ಳುತ್ತಾರೆ. ಚರ್ಮ ನಿಮ್ಮ ಪಾದದ ಆಕಾರವನ್ನು ಕ್ರಮೇಣ ತಾನೇ ಕಲಿಯುತ್ತದೆ. ನೀವು ಮಾಡಬೇಕಾದ್ದು ಇಷ್ಟು: ಮೊದಲ ದಿನವೇ ಒಂದರ ಒಳಗೆ ಸಣ್ಣ ಗುರುತು ಹಾಕಿ, ಅದನ್ನು ಯಾವಾಗಲೂ ಅದೇ ಕಾಲಿಗೆ ಹಾಕಿಕೊಳ್ಳಿ.

ಹೊಸ ಜೋಡು ಕಚ್ಚುವುದು ಹೆಚ್ಚಾಗಿ ಹಿಮ್ಮಡಿಯ ಅಂಚಿನಲ್ಲಿ. ಆ ಅಂಚಿಗೆ ಒಳಗಡೆಯಿಂದ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಬೆರಳಿನಿಂದ ಮೆತ್ತಗೆ ಹಿಸುಕಿ, ರಾತ್ರಿಯಿಡೀ ಬಿಡಿ. ಕಸೂತಿಗೆ ಎಣ್ಣೆ ತಾಗದಿರಲಿ. ಆಮೇಲೆ ತೆಳು ಹತ್ತಿಯ ಕಾಲುಚೀಲದೊಂದಿಗೆ ಮನೆಯೊಳಗೆ ದಿನಕ್ಕೆ ಅರ್ಧ ಗಂಟೆ ಓಡಾಡಿ. ಮದುವೆಗೆ ವಾರ ಹತ್ತು ದಿನ ಮೊದಲೇ ಕೊಳ್ಳಿ ಎನ್ನುವುದು ಇದಕ್ಕಾಗಿ. ಚರ್ಮ ಕೆಂಪಾದ ಕೂಡಲೇ ನಿಲ್ಲಿಸಿ, ಗುಳ್ಳೆ ಏಳುವವರೆಗೆ ಕಾಯಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು ಈ ಹದಗೊಳಿಸುವ ಕೆಲಸಕ್ಕೆ ಕೈಹಾಕಲೇಬಾರದು. ಕಚ್ಚಿದ್ದೇ ಅವರಿಗೆ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಬೆಳಗ್ಗೆ ಎದ್ದು ಕಾಲೂರುವಾಗ ಹಿಮ್ಮಡಿ ನೋಯುವವರಿಗೂ ಇಷ್ಟು ತೆಳುವಾದ ಅಟ್ಟೆ ಸಲ್ಲದು.

ಬೇಸಿಗೆಗೆ ಒಳಪದರ ಮುಖ್ಯ. ಮೇಲೆ ಬಟ್ಟೆ, ಕೆಳಗೆ ಚರ್ಮದ ಅಟ್ಟೆ ಇದ್ದು ಒಳಗೆ ರೆಕ್ಸಿನ್ ಅಂಟಿಸಿದ ಜುತ್ತಿಗಳು ಬಹಳ ಸಿಗುತ್ತವೆ. ರೆಕ್ಸಿನ್ ಬೆವರನ್ನು ಹೀರುವುದಿಲ್ಲ, ಪಾದ ಒಳಗೇ ಜಾರಿ ಉಜ್ಜಿಕೊಂಡು ಗುಳ್ಳೆಯಾಗುತ್ತದೆ. ಒಳಗೂ ಚರ್ಮವಿದ್ದರೆ ಅದು ಬೆವರು ಹೀರಿ, ಬಿಚ್ಚಿಟ್ಟಾಗ ಆರುತ್ತದೆ. ಆರಲು ಒಂದು ದಿನವಾದರೂ ಬೇಕು. ಆದ್ದರಿಂದ ಒಂದೇ ಜೋಡನ್ನು ದಿನಾ ಹಾಕದೆ ದಿನ ಬಿಟ್ಟು ದಿನ ಹಾಕಿ. ಹಾಕುವ ಮೊದಲು ಬೆರಳ ಸಂದುಗಳನ್ನು ಒರೆಸಿ ಒಣಗಿಸಿಕೊಳ್ಳಿ.

ಇಷ್ಟಾದರೂ ಬೆರಳುಗಳಿಗೆ ಗಾಳಿಯೇ ಬೇಕೆನ್ನಿಸಿದರೆ ದೂರ ಹೋಗಬೇಕಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ನೆಲೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿಯ ಕಸಬುದಾರರ ಕೈಯಲ್ಲಿ ತಯಾರಾದ ಚಪ್ಪಲಿ ಕೂಡ ಸಪಾಟಾದದ್ದೇ, ಆದರೆ ಮುಂದೆ ತೆರೆದದ್ದು.

ಜುತ್ತಿಯ ಚರ್ಮದ ಅಟ್ಟೆ ಕಲ್ಯಾಣ ಮಂಟಪದ ನುಣುಪು ಗ್ರಾನೈಟ್ ನೆಲದ ಮೇಲೆ ಜಾರುತ್ತದೆ, ಚಮ್ಮಾರರ ಹತ್ತಿರ ತೆಳು ರಬ್ಬರ್ ಹೊಡೆಸಿಕೊಳ್ಳಿ. ಮಾವಿನ ಮಳೆಗೆ ಸಿಕ್ಕಿ ನೆನೆದರೆ ಒಳಗೆ ಹತ್ತಿ ಬಟ್ಟೆ ತುರುಕಿ ಆಕಾರ ಕೂರಿಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಸೆಟೆದು, ಮತ್ತೆ ಮೊದಲ ದಿನದಂತೆಯೇ ಕಚ್ಚುತ್ತದೆ.