ತುಟಿಯೂ ತಾಳವೂ: ಕಡೂರು ಸೀಮೆಯಲ್ಲಿ ಹಾಡಿನ ವಿಡಿಯೊ ಕಲಿಯುವ ಬಗೆ

ಹಾಡಿನ ವಿಡಿಯೊದಲ್ಲಿ ಚಿತ್ರಕ್ಕಿಂತ ಮೊದಲು ಸಿದ್ಧವಾಗಬೇಕಾದದ್ದು ಧ್ವನಿ. ರೆಕಾರ್ಡಿಂಗ್ ಮುಗಿದು, ಮಿಕ್ಸ್ ಆಗಿ, ಹಾಡಿನ ಉದ್ದ ಇಷ್ಟೇ ಎಂದು ಗೊತ್ತಾದ ಮೇಲೆ ಕ್ಯಾಮೆರಾ ಹೊರಗೆ ತೆಗೆಯುವುದು ಕ್ರಮ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹೊಸದಾಗಿ ಕಲಿಯುವ ವಿದ್ಯಾರ್ಥಿ ಸಾಮಾನ್ಯವಾಗಿ ಇದನ್ನು ಹಿಂದುಮುಂದು ಮಾಡುತ್ತಾನೆ. ಕೆಮ್ಮಣ್ಣುಗುಂಡಿಗೆ ಹೋಗಿ ಮಂಜನ್ನೆಲ್ಲ ಚಿತ್ರಿಸಿಕೊಂಡು ಬಂದು, ಆಮೇಲೆ ಅದಕ್ಕೆ ಹೊಂದುವ ಹಾಡು ಹುಡುಕುತ್ತಾನೆ. ಹಾಗೆ ತಯಾರಾದದ್ದು ನೋಡಲು ಚೆನ್ನಾಗಿಯೇ ಇರುತ್ತದೆ. ಧ್ವನಿ ಬಂದ್ ಮಾಡಿ ನೋಡಿದರೂ ಅಷ್ಟೇ ಚೆನ್ನಾಗಿರುತ್ತದೆ ಎಂಬುದೇ ಅದರ ದೋಷ.

ಈ ಊರುಗಳಲ್ಲಿ ವಿದ್ಯೆ ಕಲಿಸುವ ಗರಡಿಯೆಂದರೆ ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊ. ಪ್ರೀ-ವೆಡ್ಡಿಂಗ್ ಶೂಟ್ ಎಂಬುದು ಬೇರೆ ಹೆಸರಿನ ಹಾಡಿನ ವಿಡಿಯೊವೇ. ಬೆಳಕು ನೋಡುವುದು, ಲೆನ್ಸ್ ಬದಲಿಸುವುದು, ಜನ ಸೇರಿದ ಕಡೆ ಜಾಗ ಮಾಡಿಕೊಳ್ಳುವುದು ಅಲ್ಲಿ ಚೆನ್ನಾಗಿ ಬರುತ್ತದೆ. ಒಂದು ಕೊರತೆಯೆಂದರೆ ಮದುಮಕ್ಕಳು ಹಾಡುವುದಿಲ್ಲ, ನಡೆಯುತ್ತಾರೆ ಮತ್ತು ನಗುತ್ತಾರೆ. ಹಾಡಿಗೆ ತುಟಿಚಲನೆ ಕೂಡಿಸುವ ಕಷ್ಟವನ್ನು ಆ ಕೆಲಸ ಎದುರಿಗೆ ತರುವುದೇ ಇಲ್ಲ.

ತುಟಿ ಹಾಡಿಗೆ ಕೂಡಿದೆಯೇ ಎಂದು ನೋಡಬೇಕಾದ ಅಕ್ಷರಗಳು ಪ, ಬ, ಮ. ಇವನ್ನು ಉಚ್ಚರಿಸುವಾಗ ಎರಡು ತುಟಿಯೂ ಮುಚ್ಚಲೇಬೇಕು. ಮುಚ್ಚಿದ ತುಟಿಯ ಮೇಲೆ ‘ಆ’ಕಾರ ಕೇಳಿಸಿದರೆ ಎಂಥ ಪ್ರೇಕ್ಷಕನಿಗೂ ತಿಳಿಯುತ್ತದೆ. ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲೇ ಇದೆ. ತರೀಕೆರೆಯ ಏರಿಯ ಮೇಲೆ ಮೇಯುವ ಮೂರು ಕರಿ ಕುರಿಮರಿಗಳ ಮಾತು, ಶಾಲೆಯ ಮಕ್ಕಳೆಲ್ಲ ನಾಲಿಗೆ ತೊಡರಿಸಿಕೊಂಡು ಹೇಳುವಂಥದು, ‘ಮ’ಕಾರವನ್ನು ಮತ್ತೆ ಮತ್ತೆ ತರುತ್ತದೆ. ಅದನ್ನು ಮೊದಲು ಧ್ವನಿಮುದ್ರಿಸಿಕೊಂಡು, ಸ್ಪೀಕರಿನಲ್ಲಿ ಹಾಕಿ, ಗೆಳೆಯನೊಬ್ಬನಿಂದ ತುಟಿ ಆಡಿಸಿ ಚಿತ್ರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಕಲಿಯುವುದು ಬಹಳ.

ಕೆರೆ ಏರಿಗಳು ಇಲ್ಲಿನವರಿಗೆ ಪ್ರಿಯವಾದ ಲೊಕೇಶನ್. ಮದಗದ ಕೆರೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಎರಡೂ ಕ್ಯಾಮೆರಾವನ್ನು ದೂರ ನಿಲ್ಲಿಸುವ ಆಸೆ ಹುಟ್ಟಿಸುತ್ತವೆ. ಅಲ್ಲೊಂದು ತೊಡಕಿದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು, ಅಷ್ಟರಲ್ಲಿ ಧ್ವನಿ ದಾಟುವುದು 14 ಮೀಟರಿನಷ್ಟು. ಸ್ಪೀಕರ್ ಹಾಡುವವನ ಕಾಲ ಬಳಿ ಇದ್ದು, ಕ್ಯಾಮೆರಾ 28 ಮೀಟರ್ ಆಚೆ ಇದ್ದರೆ, ಕ್ಯಾಮೆರಾದ ಮೈಕಿಗೆ ಹಾಡು ಎರಡು ಫ್ರೇಮ್ ತಡವಾಗಿ ಮುಟ್ಟುತ್ತದೆ. ಆ ಧ್ವನಿಯನ್ನು ನಂಬಿ ಎಡಿಟಿಂಗ್‌ನಲ್ಲಿ ಮೂಲ ಹಾಡಿಗೆ ಕೂಡಿಸಿದರೆ ತುಟಿ ಮುಂದೆ, ಹಾಡು ಹಿಂದೆ. ಚಿತ್ರವನ್ನು ಎರಡು ಫ್ರೇಮ್ ತಡಮಾಡಿ ಜರುಗಿಸಿದರೆ ಸರಿಹೋಗುತ್ತದೆ. ಸ್ಪೀಕರನ್ನು ಕ್ಯಾಮೆರಾದ ಪಕ್ಕ ಇಟ್ಟುಕೊಳ್ಳುವುದು ಇನ್ನೂ ಕೆಟ್ಟ ಉಪಾಯ; ಏರಿಯ ಗಾಳಿಗೆ ಹಾಡುವವನಿಗೆ ತಾಳವೇ ಕೇಳಿಸುವುದಿಲ್ಲ.

ಮೊಬೈಲಿನಲ್ಲಿ ಚಿತ್ರಿಸುವವರಿಗೆ ಬೇರೆ ಕಾಟ. ಬಹುಪಾಲು ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು ತಾವೇ ಹಿಗ್ಗಿಸಿ ಕುಗ್ಗಿಸುತ್ತವೆ. ಪಲ್ಲವಿಯಲ್ಲಿ ಕೂಡಿದ್ದ ತುಟಿ ಕೊನೆಯ ಚರಣದ ಹೊತ್ತಿಗೆ ಜಾರಿರುತ್ತದೆ. ದರವನ್ನು ಸ್ಥಿರವಾಗಿಡುವ ಆ್ಯಪ್ ಬಳಸಬೇಕು, ಇಲ್ಲವೇ ಎಡಿಟಿಂಗ್‌ಗೆ ಮೊದಲು ಫೈಲನ್ನು ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಆದ್ದರಿಂದ ಸಮುದಾಯ ಭವನದ ಟ್ಯೂಬ್‌ಲೈಟಿನಡಿ 25 ಫ್ರೇಮ್, 1/50 ಶಟರ್ ಇಟ್ಟರೆ ಚಿತ್ರದಲ್ಲಿ ಪಟ್ಟೆ ಓಡುವುದಿಲ್ಲ. ಸ್ಲೋ ಮೋಷನ್ನಿನಲ್ಲೂ ತುಟಿ ಕೂಡಬೇಕಿದ್ದರೆ ಸ್ಪೀಕರಿನಲ್ಲಿ ಹಾಡನ್ನು ಎರಡುಪಟ್ಟು ವೇಗದಲ್ಲಿ ಹಾಕಿ, 50 ಫ್ರೇಮಿನಲ್ಲಿ ತೆಗೆದು, 25ರಲ್ಲಿ ಓಡಿಸುತ್ತಾರೆ. ಹಾಡುವವನಿಗೆ ಮನೆಯಲ್ಲೇ ಅಭ್ಯಾಸ ಬೇಕು, ಸ್ಥಳದಲ್ಲಿ ನಗು ತಡೆಯುವುದು ಕಷ್ಟ.

ಈ ಲೆಕ್ಕವೆಲ್ಲ ಮುರಿದುಬೀಳುವುದು ವೀರಗಾಸೆಯ ಮುಂದೆ. ಸಂಬಾಳವೆಂಬ ಚರ್ಮವಾದ್ಯದ ಪೆಟ್ಟಿನ ಮುಂದೆ ಯಾವ ಸ್ಪೀಕರೂ ಕೇಳಿಸದು, ಕುಣಿತದ ಗತಿಯೂ ಗಡಿಯಾರ ಹಿಡಿದು ಸಾಗುವುದಿಲ್ಲ. ಒಡಪು, ಅಂದರೆ ಕುಣಿತದ ನಡುವಿನ ಕಥನದ ಸಾಲು, ಹೇಳುವವನು ಏರಿಸಿದಂತೆ ಏರುತ್ತದೆ. ಇಲ್ಲಿ ಧ್ವನಿಯನ್ನೂ ಸ್ಥಳದಲ್ಲೇ ಹಿಡಿಯಬೇಕು. ರೆಕಾರ್ಡರಿನ ಮಟ್ಟವನ್ನು ಒಡಪಿಗೆ ನೋಡಿ ಇಟ್ಟರೆ ಮೊದಲ ಪೆಟ್ಟಿಗೇ ಧ್ವನಿ ಒಡೆಯುತ್ತದೆ, ಅತಿ ಜೋರಾದ ಪೆಟ್ಟಿಗೆ ನೋಡಿ ಇಡಬೇಕು. ಎಲ್ಲ ಕ್ಯಾಮೆರಾಗಳೂ ಓಡುತ್ತಿರುವಾಗ, ಧ್ವನಿ-ಚಿತ್ರ ಕೂಡಿಸುವ ಗುರುತಿಗೆ, ಒಂದು ಚಪ್ಪಾಳೆ, ಆಮೇಲೆ ಪೂರ್ತಿ ಕುಣಿತ ಒಂದೇ ಸಲ. ರುದ್ರಾಕ್ಷಿ, ಗೆಜ್ಜೆ, ಕತ್ತಿಯ ಹತ್ತಿರದ ಚಿತ್ರಗಳನ್ನು ಬಿಡುವಿನಲ್ಲಿ ಕೇಳಿಕೊಂಡು ತೆಗೆಯಬಹುದು. ಫೋನಿನ ಕ್ಯಾಮೆರಾ ಬಿಸಿಲಿನಲ್ಲಿ ಕೆಂಪು ಉಡುಪಿನ ನೆರಿಗೆಗಳನ್ನೆಲ್ಲ ನುಂಗಿ ಒಂದೇ ಬಣ್ಣದ ಮುದ್ದೆ ಮಾಡಿಬಿಡುತ್ತದೆ. ಬೆಳಕಿನ ಮಟ್ಟವನ್ನು ಸ್ವಲ್ಪ ಇಳಿಸಿದರೆ ನೆರಿಗೆ ಉಳಿಯುತ್ತದೆ.

ಅನುಮತಿಯ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. 1196ರಲ್ಲಿ ಕಟ್ಟಿಸಿದ ಅಮೃತಾಪುರದ ಅಮೃತೇಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿ ಚಿತ್ರೀಕರಣಕ್ಕೆ 1959ರ ನಿಯಮಗಳ ಪ್ರಕಾರ ಪರವಾನಗಿ ಬೇಕು. ಭದ್ರಾ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯನ್ನೂ ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ರೈಲ್ವೆಯನ್ನೂ ಕೇಳಬೇಕು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನ ಡ್ರೋನಿಗೆ ಪೈಲಟ್ ಪ್ರಮಾಣಪತ್ರದ ವಿನಾಯಿತಿ ಇದೆ. ಎಲ್ಲಿ ಬೇಕಾದರೂ ಹಾರಿಸಬಹುದೆಂದು ಅದರ ಅರ್ಥವಲ್ಲ.

ಹಾಡಿನ ಹಕ್ಕಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಸಿನಿಮಾ ಹಾಡನ್ನು ತಾನೇ ಹಾಡಿ ಚಿತ್ರಿಸಿದರೂ ರಾಗ, ಸಾಹಿತ್ಯದ ಹಕ್ಕು ಉಳ್ಳವರ ಒಪ್ಪಿಗೆ ಬೇಕು. ಮೂಲ ಧ್ವನಿಯನ್ನೇ ಬಳಸಿದರೆ ಯೂಟ್ಯೂಬ್ ಅದನ್ನು ತಾನಾಗಿ ಗುರುತಿಸುತ್ತದೆ. ಮದಗದ ಕೆರೆಗೆ ಮಳೆ ಬಂದದ್ದನ್ನು ಹೇಳುವ ಜನಪದ ಹಾಡು ಯಾರ ಸ್ವತ್ತೂ ಅಲ್ಲ. ಅದೇ ಹಾಡನ್ನು ಯಾರೋ ಹಾಡಿ ಮಾಡಿದ ರೆಕಾರ್ಡಿಂಗಿಗೆ ಮಾತ್ರ ಪ್ರಕಟವಾದ ಬಳಿಕ 60 ವರ್ಷ ಹಕ್ಕು ಇರುತ್ತದೆ, ಹಾಡಿದ ಕಲಾವಿದರಿಗೂ 50 ವರ್ಷದ ಹಕ್ಕನ್ನು ಕಾನೂನು ಕೊಟ್ಟಿದೆ. ಹಾಗಾಗಿ ಊರಿನ ಸೋಬಾನೆ ಹಾಡುವ ಹೆಂಗಸರ ದನಿ ಹಿಡಿದವರು ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಸಂಭಾವನೆ ಎಷ್ಟೆಂದು ಮೊದಲೇ ಹೇಳಿ, ವಿಡಿಯೊದ ಕೊನೆಯಲ್ಲಿ ಅವರ ಹೆಸರನ್ನು ಎಡಿಟರ್ ಹೆಸರಿಗಿಂತ ಮೇಲೆ ಹಾಕಬೇಕು.