ಮಲತಂದೆಯನ್ನು ಶಂಕಿಸಿದ ವಿದ್ಯಾರ್ಥಿ

ಷೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕದ ಮಾತು ಬಂದಾಗಲೆಲ್ಲ, ತರಗತಿಯಲ್ಲಾಗಲಿ ಹಾಸ್ಟೆಲಿನ ಜಗಲಿಯಲ್ಲಾಗಲಿ, ಒಂದೇ ಪ್ರಶ್ನೆ ಏಳುತ್ತದೆ: ರಾಜಕುಮಾರನು ಸೇಡು ತೀರಿಸಿಕೊಳ್ಳಲು ಅಷ್ಟೇಕೆ ತಡಮಾಡಿದನು? ಈ ವಿಷಯದಲ್ಲಿ ವಿದ್ವಾಂಸರು ಬರೆದಿರುವುದನ್ನು ಓದಿ ಮುಗಿಸಲು ಒಂದು ಜನ್ಮ ಸಾಲದು. ನಾನು ಆ ಪ್ರಶ್ನೆಯನ್ನು ಬದಿಗಿಟ್ಟು, ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದನ್ನು ವಾಚಕರ ಮುಂದಿಡಬಯಸುತ್ತೇನೆ. ತನ್ನ ಮಲತಂದೆ ಕೊಲೆಗಾರನೆಂಬುದು ಹ್ಯಾಮ್ಲೆಟ್ಟನಿಗೆ ಗೊತ್ತಾದುದಾದರೂ ಹೇಗೆ? ಮನೆಗೆ ಹೊಸದಾಗಿ ಬಂದು ತಂದೆಯ ಸ್ಥಾನದಲ್ಲಿ ಕುಳಿತವನನ್ನು ಮಗನು ದ್ವೇಷಿಸುವುದು ಸಹಜ. ಆ ದ್ವೇಷವೊಂದು, ಆತನ ಮೇಲಿನ ನ್ಯಾಯವಾದ ಸಂಶಯವೊಂದು. ಇವೆರಡನ್ನೂ ಬೇರ್ಪಡಿಸಿ ನೋಡಲು ಒಬ್ಬ ತರುಣನಿಂದ ಸಾಧ್ಯವೆ?

ತರುಣನೆಂದೇಕೆ ಕರೆದೆನೆಂದರೆ, ನಾಟಕದ ಆರಂಭದಲ್ಲಿ ಹ್ಯಾಮ್ಲೆಟ್ ನಮ್ಮಂತೆಯೇ ವಿದ್ಯಾರ್ಥಿ. ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಿಂದ ತಂದೆಯ ಉತ್ತರಕ್ರಿಯೆಗೆಂದು ಬಂದವನು. ತಾಯಿಯ ಮದುವೆಯನ್ನೂ ನೋಡಬೇಕಾಯಿತು. ಓದಲು ಹಿಂದಿರುಗುತ್ತೇನೆಂದರೆ ಹೊಸ ದೊರೆ ಒಪ್ಪುವುದಿಲ್ಲ. ಐದನೆಯ ಅಂಕದಲ್ಲಿ ಗೋರಿ ತೋಡುವವನು ಹೇಳುವ ಲೆಕ್ಕದಂತೆ ರಾಜಕುಮಾರನಿಗೆ 30 ವರ್ಷವಾಗಿರಬೇಕು, ನಿಜ. ಆದರೆ 1603ರಲ್ಲಿ ಅಚ್ಚಾದ ಮೊದಲನೆಯ ಪ್ರತಿಯಲ್ಲಿ ಈ ಮೂವತ್ತರ ಮಾತೇ ಇಲ್ಲ. ವಿದೂಷಕ ಯಾರಿಕ್‌ನ ತಲೆಬುರುಡೆ ಮಣ್ಣಿನಲ್ಲಿದ್ದುದು ಅಲ್ಲಿ 12 ವರ್ಷ ಮಾತ್ರ. ಮುಂದಿನ ಪ್ರತಿಗಳಲ್ಲಿ ಅದು 23 ಆಗಿದೆ. ಆ ಹಳೆಯ ಲೆಕ್ಕವನ್ನು ಹಿಡಿದರೆ, ಯಾರಿಕ್‌ನ ಬೆನ್ನೇರಿ ಆಡಿದ ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿದೆಯೋ ಇಲ್ಲವೋ ಎಂಬಷ್ಟು ವಯಸ್ಸು. ಮೊದಲ ಅಂಕದ ಹ್ಯಾಮ್ಲೆಟ್ಟನ ಮಾತುಗಳು ನನ್ನ ಕಿವಿಗೆ ಹದಿಹರೆಯದವನ ಮಾತುಗಳಾಗಿಯೇ ಕೇಳುತ್ತವೆ.

ಈ ಕಥೆಯ ಮೂಲ ಬಹಳ ಹಳೆಯದು. ಸುಮಾರು 1200ರ ವೇಳೆಗೆ ಡೆನ್ಮಾರ್ಕಿನ ಇತಿಹಾಸವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ ಸ್ಯಾಕ್ಸೋ ಗ್ರಾಮಾಟಿಕಸ್ ಎಂಬವನು ಆಮ್ಲೆತ್ ಎಂಬ ಕುಮಾರನ ಕಥೆಯನ್ನು ಹೇಳಿದ್ದಾನೆ. ಅಲ್ಲಿಯೂ ತಮ್ಮನು ಅಣ್ಣನನ್ನು ಕೊಂದು ಅತ್ತಿಗೆಯನ್ನು ಮದುವೆಯಾಗುತ್ತಾನೆ. ಆದರೆ ಅಲ್ಲಿ ಕೊಲೆ ಗುಟ್ಟಿನದಲ್ಲ. ಗಂಡನ ಕ್ರೌರ್ಯದಿಂದ ಆ ಹೆಣ್ಣನ್ನು ಪಾರುಮಾಡಲೆಂದೇ ಕೊಂದೆನೆಂದು ಕೊಲೆಗಾರನು ಸಮರ್ಥಿಸಿಕೊಳ್ಳುತ್ತಾನೆ, ಜನ ನಂಬುತ್ತಾರೆ. ಆಮ್ಲೆತ್ ಹುಚ್ಚನಂತೆ ನಟಿಸುವುದು ತನ್ನ ಪ್ರಾಣ ಉಳಿಸಿಕೊಳ್ಳಲು. ಅವನಿಗೆ ಸಂಶಯವೇ ಇಲ್ಲ, ತಿಳಿದುಕೊಳ್ಳಬೇಕಾದುದೂ ಏನಿಲ್ಲ. 1570ರಲ್ಲಿ ಬೆಲ್‌ಫಾರೆ ಎಂಬ ಫ್ರೆಂಚ್ ಲೇಖಕನು ಇದೇ ಕಥೆಯನ್ನು ವಿಸ್ತರಿಸಿ ಬರೆದನು. ಇಂಗ್ಲಿಷ್ ನಾಟಕಕ್ಕೆ ಬರುವ ಹೊತ್ತಿಗೆ ಎಲ್ಲವೂ ಬದಲಾಗಿದೆ. ರಾಜನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿ ಸತ್ತನೆಂದು ರಾಜ್ಯವೆಲ್ಲ ನಂಬಿದೆ. ಕಿವಿಯಲ್ಲಿ ವಿಷ ಸುರಿದವನಿಗಲ್ಲದೆ ಇನ್ನಾರಿಗೂ ಸತ್ಯ ಗೊತ್ತಿಲ್ಲ. ಕೊಲೆ ಗುಟ್ಟಾದ ಗಳಿಗೆಯಲ್ಲಿಯೇ ಸೇಡಿನ ಕಥೆ ಸಂಶಯದ ಕಥೆಯಾಯಿತು. ಈ ಒಂದು ಬದಲಾವಣೆಯಿಂದಲೇ ಆಮ್ಲೆತ್ ಹ್ಯಾಮ್ಲೆಟ್ ಆದನೆಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರೇತ ಕಾಣಿಸಿಕೊಳ್ಳುವ ಮೊದಲೇ ಹ್ಯಾಮ್ಲೆಟ್ ಮಲತಂದೆಯನ್ನು ದ್ವೇಷಿಸುತ್ತಿದ್ದನು. ತಂದೆ ಸತ್ತು ಎರಡು ತಿಂಗಳೂ ತುಂಬಿಲ್ಲ, ಆಗಲೇ ಮದುವೆ! ಅದೂ ಗಂಡನ ತಮ್ಮನೊಡನೆ. ಅಂದಿನ ಇಂಗ್ಲೆಂಡಿನ ಪ್ರೇಕ್ಷಕರಿಗೆ ಇದು ಸಣ್ಣ ಮಾತಾಗಿರಲಿಲ್ಲ. ಎಂಟನೆಯ ಹೆನ್ರಿ 1509ರಲ್ಲಿ ಅಣ್ಣನ ವಿಧವೆಯಾದ ಕ್ಯಾಥರೀನಳನ್ನು ವರಿಸಿ, 1533ರಲ್ಲಿ ಆ ವಿವಾಹವು ಧರ್ಮಸಮ್ಮತವಲ್ಲವೆಂದು ರದ್ದುಪಡಿಸಿಕೊಂಡದ್ದು ಎಲ್ಲರೂ ಬಲ್ಲ ಸಂಗತಿ. ಇದರ ಮೇಲೆ, ತನಗೆ ಬರಬಹುದಾಗಿದ್ದ ಸಿಂಹಾಸನವೂ ಚಿಕ್ಕಪ್ಪನ ಪಾಲಾಗಿದೆ. ಹೀಗಿರುವಾಗ ಪ್ರೇತ ಬಂದು ‘ಅವನೇ ಕೊಂದವನು’ ಎಂದರೆ, ನನ್ನ ಮನಸ್ಸು ಮೊದಲೇ ಹೀಗೆ ನುಡಿದಿತ್ತು ಎಂದು ಹುಡುಗ ಉದ್ಗರಿಸುತ್ತಾನೆ. ನ್ಯಾಯಾಧೀಶನೊಬ್ಬನಿಗೆ ಈ ಉದ್ಗಾರ ಕೇಳಿಸಿದ್ದರೆ ಅವನು ಹುಬ್ಬೇರಿಸುತ್ತಿದ್ದನು. ಕೇಳಬೇಕೆಂದಿದ್ದ ಮಾತನ್ನೇ ಕೇಳಿದ ಸಾಕ್ಷಿಗೆ ಎಷ್ಟು ಬೆಲೆ?

ಇದು ಡೆನ್ಮಾರ್ಕಿನ ಅರಮನೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ನಮ್ಮ ನಾಡಿನಲ್ಲಿ ‘ಮಲತಂದೆ’ ಎಂಬ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ವಿಧವಾ ವಿವಾಹಕ್ಕೆ 1856ರಲ್ಲಿಯೇ ಕಾಯಿದೆಯಾದರೂ, ‘ಕೂಡಿಕೆ’ ‘ಉಡಿಕೆ’ಗಳ ರೂಢಿಯಿದ್ದ ಜಾತಿಗಳನ್ನು ಬಿಟ್ಟರೆ ಉಳಿದವರಲ್ಲಿ ಅದು ಬಹುಕಾಲ ಅಪರೂಪವಾಗಿತ್ತು. ‘ಮಲತಾಯಿ’ ಎಂಬ ಮಾತಾದರೋ ಎಲ್ಲರ ನಾಲಿಗೆಯ ಮೇಲಿದೆ. ಧ್ರುವನನ್ನು ತಂದೆಯ ತೊಡೆಯಿಂದ ದೂರಮಾಡಿದ ಸುರುಚಿಯ ಕಥೆಯನ್ನು ಕೇಳದೆ ಬೆಳೆದವರಾರು? ನಾನು ಹುಡುಗನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಕೈಯಡುಗೆಯಲ್ಲಿ ಬೆಳೆದವನು. ಶಾಲೆಯಿಂದ ಬರುವಾಗ ಬೀದಿಯ ಹೆಂಗಸರು ನನ್ನನ್ನು ನಿಲ್ಲಿಸಿ, “ಹೊಟ್ಟೆ ತುಂಬ ಬಡಿಸ್ತಾಳೇನೋ ಮಗ?” ಎಂದು ಕೇಳುತ್ತಿದ್ದರು. ಬಡಿಸುತ್ತಿದ್ದಳು. ಹಾಗೆಂದು ಹೇಳಿದರೆ ಅವರ ಮುಖದಲ್ಲಿ ಒಂದು ಬಗೆಯ ನಿರಾಶೆ ಕಾಣುತ್ತಿತ್ತು. ನಾಳೆ ಮತ್ತೆ ಅದೇ ಪ್ರಶ್ನೆ. ಆದುದರಿಂದ ಹ್ಯಾಮ್ಲೆಟ್ಟನ ಸಂಶಯ ನಿಜವೆಂದು ನಾಟಕ ಮುಗಿಯುವಾಗ ತಿಳಿದರೂ, ಅವನು ಅದನ್ನು ಕೂಡಲೇ ನಂಬದೆ ಪರೀಕ್ಷೆಗೆ ಒಡ್ಡಿದುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬಂದದ್ದು ತಂದೆಯ ಆತ್ಮವೋ, ದುಃಖಿಯನ್ನು ಪಾಪಕ್ಕೆಳೆಯಲು ತಂದೆಯ ರೂಪ ತಾಳಿ ಬಂದ ಸೈತಾನನೋ? ಈ ಶಂಕೆ ವಿಟೆನ್‌ಬರ್ಗಿನ ವಿದ್ಯಾರ್ಥಿಗೆ ಬಂದುದು ಆಶ್ಚರ್ಯವಲ್ಲ. 1517ರಲ್ಲಿ ಲೂಥರನು ತನ್ನ ವಾದವನ್ನು ಮಂಡಿಸಿದುದು ಅದೇ ಊರಿನಲ್ಲಿ. ಸತ್ತವರ ಆತ್ಮ ಶುದ್ಧಿಲೋಕದಿಂದ ಬರಬಹುದೆಂಬ ಹಳೆಯ ನಂಬಿಕೆಯನ್ನು ಪ್ರಾಟೆಸ್ಟೆಂಟರು ತಳ್ಳಿಹಾಕಿ, ಪ್ರೇತಗಳೆಲ್ಲ ಬಹುಮಟ್ಟಿಗೆ ಸೈತಾನನ ಮಾಯೆ ಎನ್ನುತ್ತಿದ್ದರು. ಹ್ಯಾಮ್ಲೆಟ್ ಆಗ ಹೂಡಿದ ಉಪಾಯ ಎಲ್ಲರಿಗೂ ಗೊತ್ತಿದೆ. ಊರಿಗೆ ಬಂದ ನಟರಿಂದ ಇದೇ ಬಗೆಯ ಕೊಲೆಯನ್ನು ಆಡಿಸಿ ದೊರೆಯ ಮುಖವನ್ನು ಗಮನಿಸುವುದು. ನಾವು ಅಷ್ಟಾಗಿ ಗಮನಿಸದ ಸಂಗತಿಯೊಂದಿದೆ: ಅವನು ತನ್ನ ಕಣ್ಣೊಂದನ್ನೇ ನಂಬಲಿಲ್ಲ. ದೊರೆಯ ಮೇಲೆ ದ್ವೇಷವಿಲ್ಲದ ಗೆಳೆಯ ಹೊರೇಷಿಯೋನನ್ನು ಕರೆದು, ನೀನೂ ನೋಡು, ಆಮೇಲೆ ಇಬ್ಬರೂ ಕಂಡದ್ದನ್ನು ಹೋಲಿಸೋಣ ಎಂದನು.

ಆದರೆ ಈ ಪರೀಕ್ಷೆಯಲ್ಲಿಯೂ ಒಂದು ಬಿರುಕು ಉಳಿಯಿತು. ಒಳನಾಟಕದಲ್ಲಿ ರಾಜನನ್ನು ಕೊಲ್ಲುವವನು ತಮ್ಮನಲ್ಲ, ಅಣ್ಣನ ಅಥವಾ ತಮ್ಮನ ಮಗ! ಸಭೆಯಲ್ಲಿದ್ದವರಿಗೆ ಅದು ಹ್ಯಾಮ್ಲೆಟ್ ದೊರೆಗೆ ಹಾಕಿದ ಬೆದರಿಕೆಯಂತೆಯೇ ಕಂಡಿರಬೇಕು. ದೊರೆ ಎದ್ದುಹೋದುದು ಪಾಪಭೀತಿಯಿಂದಲೋ ಪ್ರಾಣಭೀತಿಯಿಂದಲೋ ಹೇಳುವುದು ಹೇಗೆ? 1917ರಲ್ಲಿ ಗ್ರೆಗ್ ಎಂಬ ವಿದ್ವಾಂಸರು ಇನ್ನೂ ಮುಂದೆ ಹೋಗಿ, ಮೊದಲು ನಡೆದ ಮೂಕಾಭಿನಯದಲ್ಲಿ ಕಿವಿಗೆ ವಿಷ ಹಾಕುವುದನ್ನು ಕಂಡೂ ದೊರೆ ಅಲುಗಲಿಲ್ಲವಾದುದರಿಂದ ಪ್ರೇತ ಹೇಳಿದ ವಿವರ ಬರಿಯ ಭ್ರಮೆಯೆಂದು ವಾದಿಸಿದರು. ಡೋವರ್ ವಿಲ್ಸನ್ ಅವರು 1935ರಲ್ಲಿ ಒಂದು ಇಡೀ ಗ್ರಂಥವನ್ನೇ ಬರೆದು, ದೊರೆ ಆಗ ಅತ್ತ ಗಮನಿಸಿರಲಿಲ್ಲವೆಂದು ಉತ್ತರ ಕೊಟ್ಟರು. ದೊರೆ ಅಪರಾಧಿಯೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಏಕಾಂತದಲ್ಲಿ ಪ್ರಾರ್ಥಿಸುತ್ತ ಅವನೇ ಒಪ್ಪಿಕೊಳ್ಳುತ್ತಾನೆ. ಆದರೆ ಆ ಮಾತನ್ನು ಕೇಳಿದವರು ಪ್ರೇಕ್ಷಕರು ಮಾತ್ರ. ಹ್ಯಾಮ್ಲೆಟ್ ಅಲ್ಲಿಗೆ ಬರುವಷ್ಟರಲ್ಲಿ ದೊರೆ ಮೌನವಾಗಿ ಮೊಣಕಾಲೂರಿದ್ದಾನೆ.

ಇನ್ನು ಇಂಥ ಮಲತಂದೆಯ ನಿಜವಾದ ಬಲವೆಲ್ಲಿದೆ? ವಿಷದಲ್ಲಿ ಅಲ್ಲವೆಂದೇ ನನಗೆ ತೋರುತ್ತದೆ. ಮನೆಯ ಯಜಮಾನನಾಗಿ, ಹುಡುಗನ ಮಾತಿಗೆ ಹೆಸರಿಡುವ ಅಧಿಕಾರ ಅವನ ಕೈಯಲ್ಲಿದೆ. ಹುಡುಗ ಅತ್ತರೆ ಅದು ಗಂಡಸಿಗೆ ತಕ್ಕುದಲ್ಲ, ಕೋಪಿಸಿದರೆ ಹುಚ್ಚು, ಸುಮ್ಮನಿದ್ದರೆ ಒಳಸಂಚು. ಅವನ ಆರೈಕೆಯ ನೆಪದಲ್ಲಿ ಸಹಪಾಠಿಗಳಿಬ್ಬರನ್ನು ಕರೆಸಿ ಗೂಢಚಾರರನ್ನಾಗಿ ಮಾಡುತ್ತಾರೆ. ಪ್ರೀತಿಸಿದ ಹುಡುಗಿಯನ್ನೇ ಎದುರು ನಿಲ್ಲಿಸಿ ಮರೆಯಲ್ಲಿ ಕಿವಿಗೊಡುತ್ತಾರೆ. ತಾನೇ ಹುಚ್ಚಿನ ವೇಷ ಹಾಕಿ ಹ್ಯಾಮ್ಲೆಟ್ ಈ ಕೆಲಸವನ್ನು ಅವರಿಗೆ ಸುಲಭ ಮಾಡಿಕೊಟ್ಟನೆಂದೂ ಹೇಳಬೇಕು. ಕಡೆಗೆ ತಾಯಿಯೊಡನೆ ಬಾಯಿ ಬಿಟ್ಟಾಗ, ಮಗನಿಗೆ ಕಂಡ ಪ್ರೇತ ಅವಳಿಗೆ ಕಾಣುವುದಿಲ್ಲ. ಮೊದಲ ಪ್ರತಿಯಲ್ಲಿ ರಾಣಿ, ಕೊಲೆಯ ವಿಷಯ ತನಗೆ ಗೊತ್ತೇ ಇರಲಿಲ್ಲವೆಂದು ಆಣೆಯಿಟ್ಟು ಮಗನಿಗೆ ನೆರವಾಗುವೆನೆನ್ನುತ್ತಾಳೆ. ನಂತರದ ಪ್ರತಿಗಳಲ್ಲಿ ಈ ಸಮಾಧಾನವನ್ನು ಕವಿ ಉಳಿಸಿಲ್ಲ.

ಆ ಕೋಣೆಯಲ್ಲಿಯೇ ಇನ್ನೊಂದು ಅನಾಹುತ ನಡೆಯುತ್ತದೆ. ಪರದೆಯ ಹಿಂದಿರುವವನು ದೊರೆಯೇ ಇರಬೇಕೆಂದು ಇರಿದರೆ, ಸತ್ತವನು ಮುದುಕ ಮಂತ್ರಿ ಪೊಲೋನಿಯಸ್. ತಂದೆಯ ಕೊಲೆಗಾರನನ್ನು ಹುಡುಕುತ್ತಿದ್ದವನು ಲೆಯರ್ಟಿಸ್‌ನ ತಂದೆಯನ್ನು ಕೊಂದನು. ಆ ಲೆಯರ್ಟಿಸ್ ಪರೀಕ್ಷೆಯ ಗೋಜಿಗೇ ಹೋಗುವವನಲ್ಲ. ದೊರೆ ಹೇಳಿದ್ದನ್ನು ಒಂದೇ ಗಳಿಗೆಯಲ್ಲಿ ನಂಬಿ, ಕತ್ತಿಗೆ ವಿಷ ಸವರಲು ತಾನೇ ಮುಂದಾಗುತ್ತಾನೆ. ತಡಮಾಡಿದನೆಂದು ಹ್ಯಾಮ್ಲೆಟ್ಟನನ್ನು ದೂರುವ ಮಿತ್ರರು ತಡಮಾಡದ ಈ ತರುಣನ ಗತಿಯನ್ನೂ ನೋಡಬೇಕು.

ಇಡೀ ನಾಟಕದಲ್ಲಿ ಕೈಯಲ್ಲಿ ಹಿಡಿದು ತೋರಿಸಬಹುದಾದ ರುಜುವಾತು ಒಂದೇ. ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ರಾತ್ರಿ ಎದ್ದು, ಜೊತೆಯವರು ಒಯ್ಯುತ್ತಿದ್ದ ರಾಜಪತ್ರವನ್ನು ಹ್ಯಾಮ್ಲೆಟ್ ಒಡೆದು ಓದುತ್ತಾನೆ: ಈತನು ಬಂದೊಡನೆ ತಲೆ ಹಾರಿಸಿರಿ ಎಂದು ದೊರೆಯ ಆಜ್ಞೆ. ಅದೂ ತಂದೆಯ ಕೊಲೆಗೆ ಸಾಕ್ಷಿಯಲ್ಲ. ಮಗನನ್ನು ಕೊಲ್ಲುವ ಸಂಕಲ್ಪಕ್ಕೆ ಸಾಕ್ಷಿ. ಅವನು ಆ ಕಾಗದವನ್ನು ಹರಿದೊಗೆಯದೆ ತಂದು, ಬಿಡುವಾಗಿ ಓದಿಕೋ ಎಂದು ಹೊರೇಷಿಯೋನ ಕೈಗೆ ಕೊಡುತ್ತಾನೆ. ಕೊನೆಯ ದೃಶ್ಯದಲ್ಲಿ ರಾಣಿ ವಿಷ ಕುಡಿದು ಬಿದ್ದು, ಸಾಯುತ್ತಿರುವ ಲೆಯರ್ಟಿಸ್ ದೊರೆಯೇ ಕಾರಣನೆಂದು ಕೂಗಿ ಹೇಳಿದ ಮೇಲೂ, ಹ್ಯಾಮ್ಲೆಟ್ ದೊರೆಯನ್ನು ಇರಿದಾಗ ಸಭೆಯೆಲ್ಲ ‘ರಾಜದ್ರೋಹ’ ಎಂದೇ ಅರಚುತ್ತದೆ. ಅವರು ಕಂಡದ್ದು ಮಲತಂದೆಯನ್ನು ಕೊಂದ ಹುಚ್ಚು ರಾಜಕುಮಾರನನ್ನು. ಗೆಳೆಯನೊಡನೆ ತಾನೂ ವಿಷ ಕುಡಿಯಹೊರಟ ಹೊರೇಷಿಯೋನನ್ನು ಹ್ಯಾಮ್ಲೆಟ್ ತಡೆಯುತ್ತಾನೆ. ನಡೆದುದನ್ನು ಹೇಳಲು ಅವನೊಬ್ಬನಾದರೂ ಬದುಕಿರಬೇಕು, ಆ ಕಾಗದ ಅವನ ಬಳಿಯಲ್ಲಿದೆ.